ದವಡೆಯ ಕೀಲು ನೊಂದಾಗ

ದಿನವಿಡೀ ದುಡಿದರೂ ನಮ್ಮ ಗಮನಕ್ಕೆ ಬಾರದ ಅಂಗಗಳು ಶರೀರದಲ್ಲಿ ಹಲವಿವೆ. ಕೆಳದವಡೆಯ ಕೀಲು ಅವುಗಳಲ್ಲೊಂದು. ಮಾತನಾಡುವಾಗ, ಅಗಿಯುವಾಗ, ಆಕಳಿಸುವಾಗ, ಉಗುಳು ನುಂಗುವಾಗ ಸಹ ಅದು ಚಲಿಸುತ್ತದೆ. ಸಂಸ್ಕೃತದಲ್ಲಿ ದವಡೆಗೆ ‘ಹನು’ ಎಂದು ಹೆಸರು. ಇಂದ್ರನ ವಜ್ರಾಯುಧದ ಪೆಟ್ಟು ದವಡೆಗೆ ತಗುಲಿದುದರಿಂದ ಆಂಜನೇಯನು ಹನುಮಂತನೆನಿಸಿದನೆಂಬ ಪುರಾಣಕಥೆಯನ್ನು ಎಲ್ಲರೂ ಬಲ್ಲರು. ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಹನುಮಂತ, ಹನುಮವ್ವ ಎಂಬ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಆ ಹನುವಿನ ಕೀಲು ಎಲ್ಲಿದೆಯೆಂದು ತೋರಿಸಬಲ್ಲವರು ವಿರಳ.

ಅದನ್ನು ನಾವೇ ಗುರುತಿಸಬಹುದು. ಎರಡೂ ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ಮೆಲ್ಲನೆ ಬಾಯಿ ತೆರೆಯೋಣ. ಬೆರಳಿನ ಕೆಳಗೆ ಒಂದು ಗುಬುಟು ಮುಂದಕ್ಕೆ ಸರಿದು, ಬಾಯಿ ಮುಚ್ಚಿದಾಗ ಹಿಂದಕ್ಕೆ ಬರುವುದು ತಿಳಿಯುತ್ತದೆ. ಅದೇ ಕೆಳದವಡೆಯ ತಲೆ. ತಲೆಬುರುಡೆಯ ಪಕ್ಕದ ಮೂಳೆಯಲ್ಲಿರುವ ಗುಳಿಯಲ್ಲಿ ಅದು ಕುಳಿತಿರುತ್ತದೆ.

ಬಾಗಿಲಿನ ತಿರುಗಣಿ ತಿರುಗುತ್ತದೆಯೇ ಹೊರತು ಸ್ಥಳ ಬಿಟ್ಟು ಕದಲುವುದಿಲ್ಲ. ದವಡೆಯ ಕೀಲಾದರೋ ಮೊದಲು ತಿರುಗಿ, ಬಾಯಿ ಇನ್ನೂ ಅಗಲವಾದಂತೆ ಮುಂದಕ್ಕೆ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ನಾರಿನಿಂದಾದ ತೆಳುವಾದ ಬಿಲ್ಲೆಯೊಂದಿದೆ. ಈ ಬಿಲ್ಲೆ ತನ್ನ ಸ್ಥಾನದಿಂದ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆದಾಗ ದವಡೆಯ ತಲೆ ಅದರ ಅಂಚನ್ನು ದಾಟಿ ಮೇಲೇರುತ್ತದೆ. ಆಗ ಕೇಳಿಸುವುದೇ ‘ಟಕ್’ ಎಂಬ ಸದ್ದು. ಅನೇಕರಲ್ಲಿ ಈ ಸದ್ದು ಇರುತ್ತದೆ. ನೋವಾಗಲಿ ತಡೆಯಾಗಲಿ ಇಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ತೊಂದರೆ ಹೆಚ್ಚಾಗಿ ಆರಂಭವಾಗುವುದು ಸ್ನಾಯುಗಳಲ್ಲಿ. ಪರೀಕ್ಷೆಯ ದಿನಗಳಲ್ಲಿ ಹಲ್ಲು ಕಚ್ಚಿ ಓದುವುದು, ನಿದ್ರೆಯಲ್ಲಿ ಹಲ್ಲು ಕಡಿಯುವುದು, ಚೂಯಿಂಗ್ ಗಮ್ ಅಗಿಯುತ್ತಲೇ ಇರುವುದು, ಪೆಟ್ಟು ಬೀಳುವುದು ಇವೆಲ್ಲವೂ ಸ್ನಾಯುಗಳನ್ನೂ ಕೀಲನ್ನೂ ದಣಿಸಬಲ್ಲವು. ಆಗ ಕೆನ್ನೆ, ಕಣತಲೆ, ಕಿವಿಯ ಮುಂಭಾಗಗಳಲ್ಲಿ ನೋವು ಕಾಣುತ್ತದೆ; ಬೆಳಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ. ಕಿವಿಗೂ ಕೀಲಿಗೂ ಅಂತರ ಅತ್ಯಲ್ಪವಾದುದರಿಂದ ರೋಗಿಗೆ ಕಿವಿಯೇ ನೋಯುವಂತೆ ಭಾಸವಾಗುತ್ತದೆ. 1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟನ್ ಈ ಲಕ್ಷಣಗಳನ್ನು ಒಂದುಗೂಡಿಸಿ ವರ್ಣಿಸಿದರು. ಹಲ್ಲುಗಳು ಬಿದ್ದುಹೋಗುವುದೇ ಕಾರಣವೆಂಬ ಅವರ ವಾದವನ್ನು ವೈದ್ಯಶಾಸ್ತ್ರ ಈಗ ಒಪ್ಪುವುದಿಲ್ಲ; ಆದರೆ ಕಿವಿನೋವಿನ ಮೂಲ ಕೀಲಿನಲ್ಲಿರಬಹುದೆಂಬ ಎಚ್ಚರಿಕೆ ಮಾತ್ರ ಉಳಿದಿದೆ.

ಈ ಎಚ್ಚರಿಕೆಯಿಲ್ಲದಿದ್ದರೆ ನಷ್ಟವೇನು? ಕಿವಿಗೆ ವ್ಯರ್ಥವಾಗಿ ಔಷಧ ಬೀಳುತ್ತದೆ, ಇಲ್ಲವೇ ಗಟ್ಟಿಯಾದ ಹಲ್ಲನ್ನೇ ಕೀಳಿಸುವ ಪ್ರಸಂಗ ಬರುತ್ತದೆ. ದೇವದುರ್ಗದ ಹಳ್ಳಿಯೊಂದರಿಂದ ರಾಯಚೂರಿಗೆ ಹೋಗಿಬರುವುದೆಂದರೆ ಕೂಲಿಕಾರನಿಗೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಆದುದರಿಂದ ಯಾವ ನೋವು ಮನೆಯಲ್ಲಿಯೇ ಶಮನವಾಗುವುದು, ಯಾವುದಕ್ಕೆ ಬಸ್ಸು ಹತ್ತಲೇಬೇಕು ಎಂಬ ವಿವೇಕ ಅವಶ್ಯಕ.

ಸಮಾಧಾನದ ಸಂಗತಿಯೆಂದರೆ, ಬಹುಪಾಲು ರೋಗಿಗಳು ಸರಳೋಪಾಯಗಳಿಂದಲೇ ಗುಣವಾಗುತ್ತಾರೆ. ಅಗಿಯುವ, ನುಂಗುವ ಹೊತ್ತನ್ನು ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬೇಕಿಲ್ಲ. ತುಟಿಗಳು ಸೇರಿರಲಿ, ಹಲ್ಲುಗಳು ಬಿಟ್ಟಿರಲಿ. ಇದೇ ದವಡೆಯ ವಿಶ್ರಾಂತಿ. ಕೆಲವು ದಿನ ಖಡಕ್ ರೊಟ್ಟಿ, ಕಬ್ಬು, ಹುರಿಗಡಲೆಗಳನ್ನು ಬಿಟ್ಟು ಮೆತ್ತನೆಯ ಅನ್ನ, ಜೋಳದ ನುಚ್ಚು, ಬೇಳೆಯಲ್ಲಿ ನೆನೆದ ಬಿಸಿರೊಟ್ಟಿಗಳನ್ನು ಉಣ್ಣಬೇಕು. ಆಕಳಿಸುವಾಗ ಗದ್ದಕ್ಕೆ ಕೈಯಾನಿಸಬೇಕು. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಕಾವು ಕೊಟ್ಟರೆ ಸ್ನಾಯುವಿನ ಬಿಗಿತ ಸಡಿಲುತ್ತದೆ. ನೋವಿನ ಗುಳಿಗೆ ಬೇಕಾದರೆ ವೈದ್ಯರ ಸಲಹೆಯಂತೆ ಕೆಲವೇ ದಿನ ಸೇವಿಸಬೇಕು.

ಎರಡು ಮೂರು ವಾರ ಕಳೆದರೂ ನೋವು ತಗ್ಗದಿದ್ದರೆ ಅಥವಾ ಬಾಯಿ ತೆರೆಯುವಾಗ ದವಡೆ ನಡುವೆಯೇ ಸಿಕ್ಕಿಕೊಳ್ಳುವಂತಾದರೆ ವೈದ್ಯರಲ್ಲಿಗೆ ಹೋಗಬೇಕು. ಮಾನ್ವಿ, ದೇವದುರ್ಗಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು. ರಾಯಚೂರಿನಲ್ಲಿ ‘ರಿಮ್ಸ್’ ಎಂದು ಜನರು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲದೆ ಎ.ಎಂ.ಇ. ಮತ್ತು ನವೋದಯ ದಂತ ಕಾಲೇಜುಗಳೂ ಇವೆ. ಅಲ್ಲಿ ‘ಟಿ.ಎಂ.ಜೆ. ನೋವು’ ಎಂದರೆ ವೈದ್ಯರಿಗೆ ವಿಷಯ ತಿಳಿಯುತ್ತದೆ. ವ್ಯಾಯಾಮ, ರಾತ್ರಿ ಹಲ್ಲಿಗೆ ತೊಡುವ ತಟ್ಟೆ, ಅಪರೂಪವಾಗಿ ಸೂಜಿಯ ಮೂಲಕ ಕೀಲನ್ನು ತೊಳೆಯುವುದು ಇವು ಚಿಕಿತ್ಸೆಯ ಮೆಟ್ಟಿಲುಗಳು. ಶಸ್ತ್ರಕ್ರಿಯೆ ಬೇಕಾಗುವವರು ಕೆಲವರೇ. ಹಲ್ಲು ಕೀಳಿಸುವುದು, ಉಜ್ಜಿ ತಗ್ಗಿಸುವುದು ಮುಂತಾದ ಕ್ರಮಗಳನ್ನು ಒಮ್ಮೆ ಮಾಡಿದರೆ ಮರಳಿ ಸರಿಪಡಿಸಲಾಗದು. ಕೀಲಿನ ನೋವಿಗೆ ಅವು ಮೊದಲ ಮದ್ದಾಗಲಾರವು.

ಕೀಲಿನ ನೋವೆಂದು ಸುಮ್ಮನಿರಬಾರದ ಸಂದರ್ಭಗಳೂ ಇವೆ. ಆಕಳಿಸಿದಾಗ ತೆರೆದ ಬಾಯಿ ಮುಚ್ಚಲಾಗದೆ ನಿಂತರೆ ದವಡೆ ತಪ್ಪಿದೆಯೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸರಿದ ದವಡೆಯನ್ನು ಕೂರಿಸಿ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯೂ ಹೇಳುತ್ತದೆ. ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದರೆ ಧನುರ್ವಾಯುವಿನ ಶಂಕೆ. ನಡೆದಾಗ ಎದೆಯೊಂದಿಗೆ ದವಡೆಯೂ ನೊಂದರೆ ಅದು ಹೃದಯದ ಸೂಚನೆಯಾಗಿರಬಹುದು. ಜ್ವರ, ಬಾವು, ಜೋಮುಗಳಿದ್ದರೂ ತಡಮಾಡಬಾರದು.

ಯುವಕರು ವಿಶೇಷವಾಗಿ ನೆನಪಿಡಬೇಕಾದುದು ಇನ್ನೊಂದಿದೆ. ಅಡಿಕೆ, ಗುಟ್ಕಾಗಳಿಂದ ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುತ್ತದೆ; ಖಾರ ತಿಂದರೆ ಉರಿಯುತ್ತದೆ; ಬಾಯಿ ನೋವಿಲ್ಲದೆಯೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇದು ಕೀಲಿನ ರೋಗವಲ್ಲ, ಮುಂದೆ ಅರ್ಬುದಕ್ಕೆ ತಿರುಗಬಲ್ಲ ವ್ಯಾಧಿ. ಕರ್ನಾಟಕವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೂ ಅಡಿಕೆಯ ಪುಡಿಕೆಗಳು ಅಂಗಡಿಗಳ ಮುಂದೆ ತೂಗುತ್ತಲೇ ಇವೆ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಆರೋಗ್ಯವಂತ ವಯಸ್ಕರ ಬಾಯಿ ಸುಮಾರು 40ರಿಂದ 50 ಮಿಲಿಮೀಟರು ತೆರೆಯುತ್ತದೆ. ಅಂದರೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂಭಾಗದ ಹಲ್ಲುಗಳ ನಡುವೆ ಇಡಬಹುದು. ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಎರಡೇ ಹೋಗುವಂತಾದರೆ ನೋವು ಬರುವವರೆಗೆ ಕಾಯದೆ ದಂತವೈದ್ಯರನ್ನು ಕಾಣಬೇಕು.