ಹೆಡ್‌ಲೈಟ್ ಹತ್ತದಿದ್ದರೆ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಬಹುದೇ? ಸ್ವಿಚ್ ರಿಪೇರಿ ಮನೆಯಲ್ಲೇ ಎಷ್ಟು ಸಾಧ್ಯ?

"ಕಾರಿನ ಹೆಡ್‌ಲೈಟ್ ಹತ್ತುತ್ತಿಲ್ಲವೇ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ. ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ, ಇಲ್ಲವೇ ಸ್ವಿಚ್ಚಿನ ಎರಡು ವೈರ್ ಒಂದಕ್ಕೊಂದು ಸೇರಿಸಿ." ಇಂಥ ಸಲಹೆಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿರುತ್ತವೆ. ಇವುಗಳ ಅಪಾಯ ಇರುವುದೇ ಇಲ್ಲಿ: ಹೀಗೆ ಮಾಡಿದಾಗ ದೀಪ ಕೆಲವೊಮ್ಮೆ ನಿಜವಾಗಿಯೂ ಹತ್ತುತ್ತದೆ. ಆಮೇಲೆ ಹತ್ತುವುದು ವೈರಿಂಗ್.

ಹಾಗೆಂದು ಎಲ್ಲದಕ್ಕೂ ಗ್ಯಾರೇಜಿಗೇ ಓಡಬೇಕಿಲ್ಲ. ದೋಷ ಎಲ್ಲಿದೆ ಎಂದು ಮನೆಯಲ್ಲೇ ಕಂಡುಹಿಡಿಯಬಹುದು. ಹೇಗೆ ಎಂದು ನೋಡೋಣ.

ಸ್ವಿಚ್ ಸುಡುವುದೇಕೆ?

ಬ್ಯಾಟರಿಯಿಂದ ಹೊರಟ ಕರೆಂಟ್ ಫ್ಯೂಸ್, ಸ್ವಿಚ್ ಮತ್ತು ಬಲ್ಬ್ ದಾಟಿ ಅರ್ಥ್ ವೈರ್ ಮೂಲಕ ವಾಪಸ್ ಬ್ಯಾಟರಿಗೆ ಬರುತ್ತದೆ. ಹಲವು ಕಾರುಗಳಲ್ಲಿ ನಡುವೆ ರಿಲೇ ಎಂಬ ಪುಟ್ಟ ಡಬ್ಬಿ ಇರುತ್ತದೆ. ಆಗ ಸ್ವಿಚ್ ಅದಕ್ಕೆ ಸೂಚನೆ ಮಾತ್ರ ಕೊಡುತ್ತದೆ, ಬಲ್ಬಿನ ಕರೆಂಟನ್ನು ರಿಲೇ ಹೊರುತ್ತದೆ. ಹಳೆಯ ಸಣ್ಣ ಕಾರುಗಳು ಹಲವದರಲ್ಲಿ ರಿಲೇ ಇಲ್ಲ. ಬಲ್ಬಿನ ಪೂರ್ತಿ ಕರೆಂಟ್ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚಿನ ಮೂಲಕವೇ ಹಾಯುತ್ತದೆ.

ಸಾಮಾನ್ಯ ಹ್ಯಾಲೋಜನ್ ಬಲ್ಬ್ 60/55 ವ್ಯಾಟಿನದು. ಲೋ ಬೀಮಿನಲ್ಲಿ 55 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಸಾಕು. ಬೆಳಕು ಸಾಲದೆಂದು ಅದೇ ಜಾಗಕ್ಕೆ 100/90 ವ್ಯಾಟಿನ ಬಲ್ಬ್ ಹಾಕಿಸಿದರೆ ಅದು 15 ಆಂಪಿಯರ್ ಆಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯ ವಿಜ್ಞಾನ. ಆ ಲೆಕ್ಕದಲ್ಲಿ ಸ್ವಿಚ್ಚಿನೊಳಗಿನ ಬಿಸಿ ಎರಡೂವರೆ ಪಟ್ಟಿಗಿಂತ ಹೆಚ್ಚುತ್ತದೆ. ತಾಮ್ರದ ಬಿಂದುಗಳು ಕರಕಲಾಗುತ್ತವೆ, ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ.

ಮೊದಲು ಇವನ್ನು ನೋಡಿ

1. ಒಂದೇ ಬದಿಯ ದೀಪ ಹೋಗಿದೆಯೇ? ಸ್ವಿಚ್ಚಿನ ತಪ್ಪಲ್ಲ. ಬಲ್ಬ್, ಅದರ ಹೋಲ್ಡರ್, ಆ ಬದಿಯ ಫ್ಯೂಸ್ ಅಥವಾ ಅರ್ಥ್ ನೋಡಿ.

2. ಹೈ ಬೀಮ್ ಹತ್ತುತ್ತದೆ, ಲೋ ಬೀಮ್ ಇಲ್ಲವೇ? ಬಲ್ಬುಗಳನ್ನು ಮೊದಲು ನೋಡಿ. ಒಂದು ಬಲ್ಬಿನ ಲೋ ಬೀಮ್ ತಂತಿ ಯಾವತ್ತೋ ಹೋಗಿದ್ದು, ಎರಡನೆಯದೂ ಹೋದ ಮೇಲಷ್ಟೇ ನಮಗೆ ಗೊತ್ತಾಗುವುದು ಸಾಮಾನ್ಯ.

3. ಎರಡೂ ಬದಿ ಒಟ್ಟಿಗೇ ಆರಿವೆಯೇ? ಎರಡಕ್ಕೂ ಸೇರಿದ ಭಾಗದ ಮೇಲೆ ಅನುಮಾನ ಪಡಿ: ಮುಖ್ಯ ಫ್ಯೂಸ್, ರಿಲೇ, ಸ್ವಿಚ್. ರಿಲೇ ಇದ್ದರೆ, ಸ್ವಿಚ್ ಹಾಕಿದಾಗ 'ಟಿಕ್' ಸದ್ದು ಬರುತ್ತದೆಯೇ ಕೇಳಿ. ಹಾರ್ನಿನ ರಿಲೇ ಮೇಲೆ ಅದೇ ನಂಬರ್ ಇದ್ದರೆ ಎರಡನ್ನೂ ಅದಲುಬದಲು ಮಾಡಿ. ಈಗ ದೀಪ ಹತ್ತಿ ಹಾರ್ನ್ ನಿಂತರೆ ಕೆಟ್ಟದ್ದು ರಿಲೇ.

4. ಲಿವರ್ ಅಲುಗಾಡಿಸಿದಾಗ ದೀಪ ಬಂದು ಹೋಗುತ್ತದೆಯೇ? ಲಿವರ್ ಬಿಸಿಯಾಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆಯೇ? ಇವು ಸ್ವಿಚ್ ಕೆಟ್ಟಿರುವ ಲಕ್ಷಣಗಳು.

ಸ್ವಿಚ್ಚೇ ಎಂದು ಖಚಿತ ಮಾಡಿಕೊಳ್ಳುವುದು

ಇದಕ್ಕೆ ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ಇಟ್ಟು ಹೆಡ್‌ಲೈಟ್ ಸ್ವಿಚ್ ಆನ್ ಮಾಡಿ. ಸ್ವಿಚ್ಚಿನ ಕಪ್ಲರ್ ಬಿಚ್ಚದೆ, ಅದರ ಹಿಂಬದಿಯಿಂದ ಒಳಬರುವ ಮತ್ತು ಹೊರಹೋಗುವ ವೈರುಗಳಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸಿ. ಯಾವ ವೈರ್ ಯಾವುದು ಎಂಬುದು ಆ ಮಾಡೆಲ್ಲಿನ ವೈರಿಂಗ್ ನಕ್ಷೆಯಲ್ಲಿರುತ್ತದೆ.

ದೀಪ ಉರಿಯುತ್ತಿದ್ದು ಮೀಟರ್ ಸೊನ್ನೆಯ ಹತ್ತಿರ ತೋರಿಸಿದರೆ ಸ್ವಿಚ್ ಚೆನ್ನಾಗಿದೆ. ದೀಪ ಮಂಕಾಗಿದ್ದು ಮೀಟರ್ ಅರ್ಧ ವೋಲ್ಟ್ ದಾಟಿದರೆ ಒಳಗಿನ ಬಿಂದುಗಳು ಕರಕಲಾಗಿವೆ. ಸುಮಾರು 12 ವೋಲ್ಟ್ ತೋರಿಸಿದರೆ ಸ್ವಿಚ್ ವೈರುಗಳನ್ನು ಸೇರಿಸುತ್ತಲೇ ಇಲ್ಲ. ದೀಪವೂ ಇಲ್ಲ, ಮೀಟರೂ ಸೊನ್ನೆ ಎಂದಾದರೆ ತೊಂದರೆ ಬೇರೆ ಕಡೆ ಇದೆ.

ಮನೆಯಲ್ಲೇ ರಿಪೇರಿ ಎಲ್ಲಿಯವರೆಗೆ?

ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಅಥವಾ ಒತ್ತುವ ಸ್ವಿಚ್ ಇದ್ದರೆ ಬದಲಿಸುವುದು ಹೆಚ್ಚು ಕಷ್ಟವಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಪ್ಲರನ್ನು ವೈರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ಬಿಡಿಸಿ. ಬಿಂದುಗಳ ಮೇಲೆ ತೆಳುವಾದ ಕಪ್ಪು ಮಾತ್ರ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಪ್ಲಾಸ್ಟಿಕ್ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸ ಸ್ವಿಚ್ಚೇ ಬೇಕು. ಕಪ್ಲರ್ ಸುಟ್ಟಿದ್ದರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಸ್ವಿಚ್ಚೂ ಸುಡುತ್ತದೆ.

ಏರ್‌ಬ್ಯಾಗ್ ಇರುವ ಕಾರಿನ ಕಾಂಬಿನೇಷನ್ ಸ್ವಿಚ್ಚಿಗೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ. ಅದನ್ನು ತೆಗೆಯಲು ಹಲವು ಕಾರುಗಳಲ್ಲಿ ಸ್ಟೀರಿಂಗನ್ನೇ ಬಿಚ್ಚಬೇಕು. ಏರ್‌ಬ್ಯಾಗ್ ಆಕಸ್ಮಿಕವಾಗಿ ಸಿಡಿದರೆ ಮುಖಕ್ಕೇ ಪೆಟ್ಟು. ಹಳದಿ ಬಣ್ಣದ ಕಪ್ಲರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಸ್ವಿಚ್ ಕಂಪ್ಯೂಟರ್ ಘಟಕಕ್ಕೆ ಸೂಚನೆಯನ್ನಷ್ಟೇ ಕಳಿಸುತ್ತದೆ. ಅಂಥ ಕಾರಿನಲ್ಲಿ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಆ ಘಟಕವೇ ಹಾಳಾಗಬಹುದು.

ರಿಲೇ ಇಲ್ಲದ ಹಳೆಯ ಕಾರಿದ್ದರೆ, ಹೊಸ ಸ್ವಿಚ್ ಹಾಕಿಸುವಾಗಲೇ ಫ್ಯೂಸ್ ಸಹಿತವಾದ ರಿಲೇ ವೈರಿಂಗ್ ಕಿಟ್ ಕೂಡಿಸಲು ಆಟೋ ಎಲೆಕ್ಟ್ರಿಷಿಯನ್ ಬಳಿ ಹೇಳಿ. ಬಲ್ಬ್ ಕಂಪನಿ ಹೇಳಿದ ವ್ಯಾಟಿನದೇ ಇರಲಿ. ಆಗ ಸ್ವಿಚ್ ಹೊರುವುದು ಒಂದು ಆಂಪಿಯರಿನ ಸಣ್ಣ ಭಾಗ ಮಾತ್ರ.

ಬೆಳ್ಳಿ ಕಾಗದದ ಸಲಹೆ ಏಕೆ ತಪ್ಪು?

ಫ್ಯೂಸ್ ಇರುವುದೇ ಸುಡಲಿಕ್ಕೆ. ಕರೆಂಟ್ ಮಿತಿ ಮೀರಿದಾಗ ವೈರ್ ಸುಡುವ ಮೊದಲು ತಾನು ಸುಟ್ಟು ದಾರಿ ಕಡಿಯುತ್ತದೆ. ಅದರ ಮೇಲೆ ಮಿತಿ ಬರೆದಿರುತ್ತದೆ, ಬಣ್ಣದಲ್ಲೂ ಗುರುತಿಸಬಹುದು: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ನೀಲಿಯ ಜಾಗಕ್ಕೆ ಹಸಿರು ಹಾಕುವುದೂ ಬೆಳ್ಳಿ ಕಾಗದ ಸುತ್ತಿದ ಹಾಗೆಯೇ.

ಕಾರಿನ ಬ್ಯಾಟರಿ ಬರೀ 12 ವೋಲ್ಟ್, ಅದೇನು ಮಾಡೀತು ಎಂದುಕೊಳ್ಳಬೇಡಿ. ಎಂಜಿನ್ ಸ್ಟಾರ್ಟ್ ಮಾಡಲು ಅದು ನೂರಾರು ಆಂಪಿಯರ್ ಕೊಡುತ್ತದೆ. ಎಲ್ಲೋ ವೈರಿನ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಅಷ್ಟೂ ಕರೆಂಟ್ ಆ ತೆಳು ವೈರಿಗೆ ನುಗ್ಗುತ್ತದೆ. ತಡೆಯಬೇಕಾದ ಫ್ಯೂಸಿನ ಜಾಗದಲ್ಲಿ ಬೆಳ್ಳಿ ಕಾಗದ ಇದೆ. ಬೆಂಕಿ ಹೊತ್ತುವುದು ಡ್ಯಾಶ್‌ಬೋರ್ಡಿನ ಒಳಗೆ, ನಿಮ್ಮ ಮೊಣಕಾಲಿನ ಪಕ್ಕದಲ್ಲಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನ ಹೊಸದನ್ನು ಒಮ್ಮೆ ಹಾಕಿ. ಅದೂ ಹೋದರೆ ಎಲ್ಲೋ ಶಾರ್ಟ್ ಆಗಿದೆ. ಮೂರನೆಯದು ಹಾಕಬೇಡಿ.

ದಾರಿ ಮಧ್ಯೆ ದೀಪ ಹೋದರೆ?

ಘಾಟಿ ರಸ್ತೆಯ ತಿರುವಿನಲ್ಲಿ ದೀಪ ಆರಿತು ಎಂದುಕೊಳ್ಳಿ. ಲಿವರನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಪಾಸಿಂಗ್ ಲೈಟಿನ ಕರೆಂಟ್ ಹಲವು ಕಾರುಗಳಲ್ಲಿ ಸ್ವಿಚ್ಚಿನ ಬೇರೆ ಬಿಂದುಗಳಿಂದ ಹೋಗುವುದರಿಂದ ಹೈ ಬೀಮ್ ಹತ್ತಬಹುದು. ಅಷ್ಟು ಬೆಳಕಿನಲ್ಲಿ ವೇಗ ಇಳಿಸಿ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿ. ಮೊಬೈಲ್ ಟಾರ್ಚ್ ಹಿಡಿದು ಮುಂದೆ ಹೋಗುವ ಸಾಹಸ ಬೇಡ. ನಿಮಗೆ ರಸ್ತೆ ಕಂಡರೂ ಎದುರಿನ ಲಾರಿಗೆ ನೀವು ಕಾಣುವುದಿಲ್ಲ.

ಒಟ್ಟಿನಲ್ಲಿ, ಬಲ್ಬ್, ಫ್ಯೂಸ್, ರಿಲೇ ಪರೀಕ್ಷೆ ಮತ್ತು ಸುಲಭಕ್ಕೆ ಕೈಗೆಟಕುವ ಸ್ವಿಚ್ ಬದಲಾವಣೆ ಮನೆಯಲ್ಲಿ ಸಾಧ್ಯ. ಬೆಳ್ಳಿ ಕಾಗದ, ದೊಡ್ಡ ಫ್ಯೂಸ್, ನೇರ ವೈರ್ ಮೂರೂ ಅಪಾಯಕಾರಿ. ಆ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಕಳಿಸಿದವರನ್ನು ಬೈಯಬೇಡಿ. ಅದರ ಕೆಳಗೆ ಇದನ್ನು ಹಾಕಿ.