ಗೋಡೆಗೆ ಮುನ್ನ ಅಲ್ಲಿ ಊರಿತ್ತು

ರೋಮನ್ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿಗೆ ಬಂದದ್ದು ಕ್ರಿ.ಶ. 122ರಲ್ಲಿ. ಅದೇ ಸುಮಾರಿಗೆ ಅವನ ಸೈನಿಕರು ದ್ವೀಪದ ಉತ್ತರ ಭಾಗದಲ್ಲಿ, ಪೂರ್ವದ ಟೈನ್ ನದಿಯಿಂದ ಪಶ್ಚಿಮದ ಸಾಲ್ವೇ ಕೊಲ್ಲಿಯವರೆಗೆ ಸುಮಾರು 117 ಕಿಲೋಮೀಟರ್ ಉದ್ದದ ಗೋಡೆಯೊಂದನ್ನು ಕಟ್ಟತೊಡಗಿದರು. ರೋಮನರನ್ನೂ ಬರ್ಬರರನ್ನೂ ಬೇರ್ಪಡಿಸುವುದೇ ಅದರ ಉದ್ದೇಶವೆಂದು ಹೇಡ್ರಿಯನ್‌ನ ಲ್ಯಾಟಿನ್ ಜೀವನಚರಿತ್ರೆ ಹೇಳುತ್ತದೆ. ಆ ‘ಬರ್ಬರರು’ ಯಾರು? ಹೇಗೆ ಬದುಕುತ್ತಿದ್ದರು? ಅವರು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಆದ್ದರಿಂದ ಉತ್ತರವನ್ನು ಮಣ್ಣಿನಲ್ಲೇ ಹುಡುಕಬೇಕು.

ಮಣ್ಣು ಹೇಳುವ ಮೊದಲ ಮಾತೆಂದರೆ, ಗೋಡೆ ಎದ್ದದ್ದು ಬರಿಯ ಬೀಳುಭೂಮಿಯ ಮೇಲಲ್ಲ. ಟೈನ್ ದಡದ ವಾಲ್ಸೆಂಡ್ ಮುಂತಾದೆಡೆ ರೋಮನ್ ಕಟ್ಟಡಗಳ ಅಡಿಯಲ್ಲಿ ಉಳುಮೆಯ ಗುರುತುಗಳು ಸಿಕ್ಕಿವೆ. ಅಂದರೆ ಉತ್ತು ಬಿತ್ತುವ ಹೊಲದ ನಡುವೆಯೇ ಸಾಮ್ರಾಜ್ಯದ ಗಡಿ ಹಾದುಹೋಯಿತು. ಸುತ್ತಮುತ್ತ ಮರದ ಕಂಬ ನಿಲ್ಲಿಸಿ ಹುಲ್ಲು ಹೊದಿಸಿದ ದುಂಡುಮನೆಗಳಿದ್ದವು. ಹಲವು ಮನೆಗಳ ಸುತ್ತ ಕಂದಕ, ಮಣ್ಣಿನ ಏರಿ. ದನಕರು, ಗೋಧಿ, ಬಾರ್ಲಿ, ಬೀಸುವ ಕಲ್ಲು: ಇವು ಅಲ್ಲಿನ ಸಂಸಾರದ ಸೊತ್ತು.

ಗೋಡೆ ಬಂದ ಮೇಲೆ ಇವರೇನಾದರು? ನ್ಯೂಕ್ಯಾಸಲ್‌ನ ಉತ್ತರಕ್ಕಿರುವ ಕರಾವಳಿ ಬಯಲಿನಲ್ಲಿ 2002ರಿಂದ 2010ರವರೆಗೆ ನಡೆದ ಉತ್ಖನನಗಳು ಒಂದು ಕಹಿ ಸತ್ಯವನ್ನು ಹೊರಗೆಡವಿದವು. ತಲೆಮಾರುಗಳಿಂದ ಜನರಿದ್ದ ಹಲವು ನೆಲೆಗಳು ಗೋಡೆ ಎದ್ದ ಕಾಲದ ಆಸುಪಾಸಿನಲ್ಲೇ ಬರಿದಾಗಿದ್ದವು. ಸೇನೆ ಗೋಡೆಯ ಮುಂದಿನ ನೆಲವನ್ನು ತೆರವು ಮಾಡಿಸಿರಬಹುದು. ಇಲ್ಲವೇ ದಕ್ಷಿಣದ ಹುಲ್ಲುಗಾವಲು, ನೆಂಟಸ್ತಿಕೆ, ಕೊಡುಕೊಳೆಗಳ ಕೊಂಡಿ ಕಡಿದು ಬದುಕೇ ದುಸ್ತರವಾಗಿರಬಹುದು. ಗೋಡೆಯಲ್ಲಿ ರೋಮನ್ ಮೈಲಿಗೊಂದರಂತೆ ಬಾಗಿಲುಗಳೇನೋ ಇದ್ದವು. ಆದರೆ ಯಾರು ದಾಟಬೇಕೆಂಬುದನ್ನು ತೀರ್ಮಾನಿಸುವವನು ಕಾವಲಿನ ಸೈನಿಕ.

ಆಳುವವರು ಈ ಜನರನ್ನು ಕಂಡ ಬಗೆಗೂ ಸಾಕ್ಷ್ಯವಿದೆ. ಗೋಡೆಯ ದಕ್ಷಿಣಕ್ಕಿರುವ ವಿಂಡೊಲಾಂಡಾ ಕೋಟೆಯಲ್ಲಿ 1973ರಿಂದ ತೆಳು ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ನೂರಾರು ಓಲೆಗಳು ಸಿಕ್ಕಿವೆ. ಅವುಗಳಲ್ಲೊಂದು ಸ್ಥಳೀಯರನ್ನು ‘ಬ್ರಿಟುಂಕುಲಿ’ ಎಂದು ಕರೆಯುತ್ತದೆ. ‘ಕ್ಷುಲ್ಲಕ ಬ್ರಿಟನ್ನರು’ ಎಂಬ ತಾತ್ಸಾರ ಆ ಮಾತಿನಲ್ಲಿದೆ. ಅವರ ಕುದುರೆ ಸವಾರರು ಕತ್ತಿ ಬಳಸುವುದಿಲ್ಲವೆಂದೂ ಅದೇ ಓಲೆ ದಾಖಲಿಸುತ್ತದೆ.

ಆದರೆ ಆ ಜನ ಕ್ಷುಲ್ಲಕರೂ ಅಲ್ಲ, ಬೆರಳೆಣಿಕೆಯವರೂ ಅಲ್ಲ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರುತಗ್ಗುಗಳನ್ನು ಅಳೆಯುವ ‘ಲಿಡಾರ್’ ತಂತ್ರದ ನೆರವಿನಿಂದ ಸ್ಕಾಟ್‌ಲೆಂಡಿನ ಬರ್ನ್ಸ್‌ವಾರ್ಕ್ ಬೆಟ್ಟದ ಸುತ್ತಣ ಸೀಮೆಯಲ್ಲಿ ಅದುವರೆಗೆ ಗೊತ್ತೇ ಇರದಿದ್ದ 134 ನೆಲೆಗಳು ಪತ್ತೆಯಾದುದನ್ನು ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಸಾಧಾರಣ ಒಕ್ಕಲು ಮನೆಗಳು.

ಐದನೆಯ ಶತಮಾನದ ಆರಂಭದಲ್ಲಿ ರೋಮನರ ಆಳ್ವಿಕೆ ಮುಗಿಯಿತು. ಕಾಲಕ್ರಮದಲ್ಲಿ ಗೋಡೆಯ ಕಲ್ಲುಗಳನ್ನು ಜನ ಕಿತ್ತೊಯ್ದು ಮನೆಗೆ, ಹೊಲದ ಅಂಚಿಗೆ ಬಳಸಿಕೊಂಡರು. ಹೊಲವನ್ನು ನುಂಗಿದ್ದ ಗೋಡೆ ಹೀಗೆ ಮತ್ತೆ ಹೊಲಕ್ಕೇ ಸಂದಿತು.