ಕಳೆಯಿಂದ ಎದ್ದು ನಿಂತ ಆನೆಗಳು

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಹೋದವರಿಗೆ ಅಲ್ಲೊಂದು ಆನೆಗಳ ಹಿಂಡು ಕಾಣಿಸಿತು. ಒಂದಲ್ಲ ಎರಡಲ್ಲ, ಸುಮಾರು 60 ಆನೆಗಳು. ಕೊಂಬಿನ ಸಲಗ, ಹೆಣ್ಣಾನೆ, ತಾಯಿಯ ಕಾಲ ಬಳಿ ನಿಂತ ಮರಿ, ಎಲ್ಲವೂ ನಿಜವಾದ ಆನೆಯ ಗಾತ್ರದವೇ. ಆದರೆ ಯಾವುದೂ ಅಲುಗಾಡಲಿಲ್ಲ, ಘೀಳಿಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಗುಟ್ಟು ತಿಳಿಯುತ್ತಿತ್ತು. ಅವುಗಳ ಮೈಯೆಲ್ಲ ಒಂದರ ಪಕ್ಕ ಒಂದು ಜೋಡಿಸಿದ ಕಂದು ಬಣ್ಣದ ಕಡ್ಡಿಗಳು.

ಆ ಕಡ್ಡಿ ಯಾವ ಗಿಡದ್ದು ಗೊತ್ತೆ ಮಕ್ಕಳೇ? ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಅದನ್ನು ತೋರಿಸಿಕೊಡಬೇಕಾಗಿಲ್ಲ. ಬೇಲಿಯಲ್ಲಿ, ಕೆರೆ ಏರಿಯ ಮೇಲೆ, ಬಂಡೀಪುರದ ರಸ್ತೆಯ ಎರಡೂ ಬದಿಯಲ್ಲಿ ಬೆಳೆದು ನಿಂತಿರುವ ಲಂಟಾನ ಅದು. ಹಳದಿ, ಕೆಂಪು, ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂಗೊಂಚಲು. ಎಲೆ ಉಜ್ಜಿದರೆ ಘಾಟು ವಾಸನೆ. ಹಣ್ಣು ಮಾಗಿದಾಗ ಕಪ್ಪು ಮಣಿಯ ಹಾಗೆ.

ಅಂದಕ್ಕೆಂದು ಬಂದ ಅತಿಥಿ

ಲಂಟಾನ ನಮ್ಮ ನೆಲದ್ದಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 1809ರ ಸುಮಾರಿಗೆ ಬ್ರಿಟಿಷರು ಹೂವಿನ ಅಂದಕ್ಕೆಂದು ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ದೂರ ಹಾಕಿದವು. ಕಡಿದರೆ ಬುಡದಿಂದ ಮತ್ತೆ ಚಿಗುರುವ ಗಿಡ ಇದು. ಎಲೆಯಲ್ಲಿ ವಿಷವಿರುವುದರಿಂದ ದನಕರು ತಿನ್ನುವಂತಿಲ್ಲ. ಇದರ ಪೊದೆಯ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು. ಹುಲ್ಲಿದ್ದ ಜಾಗವನ್ನು ಲಂಟಾನ ನುಂಗಿದರೆ ಆನೆ ಎಲ್ಲಿಗೆ ಹೋಗಬೇಕು? ಕಾಡಂಚಿನ ಹೊಲಗಳಿಗೆ ಅದು ಇಳಿಯುವುದಕ್ಕೆ ಇದೂ ಒಂದು ಕಾರಣ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರನ್ನು ಕೇಳಿದರೆ ‘ತರಗು ಬೆಂಕಿ’ಯ ಮಾತು ಬರುತ್ತದೆ. ಹಿಂದೆ ಅವರು ಬೇಸಗೆಯ ಆರಂಭದಲ್ಲಿ ಒಣಗಿದ ತರಗೆಲೆಗೆ ಹದವಾಗಿ ಬೆಂಕಿ ಹಾಕುತ್ತಿದ್ದರು. ನೆಲಮಟ್ಟದಲ್ಲಿ ಸುಟ್ಟು ಹೋಗುವ ಸಣ್ಣ ಬೆಂಕಿ ಅದು. ಲಂಟಾನದ ಎಳೆ ಸಸಿಗಳು ಆಗಲೇ ಸಾಯುತ್ತಿದ್ದವು ಎನ್ನುತ್ತಾರೆ ಅವರು. 1974ರಲ್ಲಿ ಆ ಕಾಡು ವನ್ಯಧಾಮವಾಯಿತು, ಬೆಂಕಿಯ ಪದ್ಧತಿ ನಿಂತಿತು. ಈಗ ಲಂಟಾನ ಪೊದೆ ಆಳೆತ್ತರ ಬೆಳೆದಿದೆ. ಅದಕ್ಕೆ ಬೆಂಕಿ ತಗುಲಿದರೆ ಮರಗಳ ತಲೆಯವರೆಗೂ ಹಬ್ಬುತ್ತದೆ.

ಬಿದಿರಿನ ಕೈಗೆ ಲಂಟಾನ

ಈ ಕಳೆಯನ್ನು ಕಲೆಯಾಗಿ ತಿರುಗಿಸುವ ಕೆಲಸ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಇಪ್ಪತ್ತು ವರ್ಷಗಳ ಹಿಂದೆಯೇ ಶುರುವಾಯಿತು. ಅಲ್ಲಿ ಬಿದಿರು ಹೆಣೆದು ಬದುಕುತ್ತಿದ್ದ ಕುಟುಂಬಗಳಿಗೆ ಬಿದಿರು ಸಿಗುವುದು ಕಷ್ಟವಾಗಿತ್ತು. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ ಅವರ ಜೊತೆ, ಸೋಲಿಗರ ಜೊತೆ ಕೂತು ಲಂಟಾನದ ಕಡ್ಡಿಯನ್ನು ಪಳಗಿಸುವ ತರಬೇತಿ ನಡೆಸಿತು. ವಿಧಾನ ಸರಳ. ನೇರವಾದ ಕೊಂಬೆಗಳನ್ನು ಆರಿಸಿ ದೊಡ್ಡ ಡ್ರಮ್ಮಿನ ನೀರಿನಲ್ಲಿ ಬೇಯಿಸುವುದು, ಬಿಸಿ ಇರುವಾಗಲೇ ಸಿಪ್ಪೆ ಸುಲಿಯುವುದು. ಆಗ ಕಡ್ಡಿ ಬೆತ್ತದ ಹಾಗೆ ಬಾಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಅದರಲ್ಲಿ ಕುರ್ಚಿ, ಸೋಫಾ, ಬುಟ್ಟಿ, ಆಟಿಕೆಗಳಾದವು.

ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡು ದಾಟಿ ಹೋದರೆ ತಮಿಳುನಾಡಿನ ಗೂಡಲೂರು. ಅಲ್ಲಿನ ‘ರಿಯಲ್ ಎಲಿಫೆಂಟ್ ಕಲೆಕ್ಟಿವ್’ ಎಂಬ ಕುಶಲಕರ್ಮಿಗಳ ಬಳಗ ಇದೇ ಕಡ್ಡಿಯಿಂದ ಆನೆಗಳನ್ನು ಮಾಡಿತು. ಬೆಟ್ಟಕುರುಬರು, ಪಣಿಯರು, ಕಾಟ್ಟುನಾಯಕರು, ಸೋಲಿಗರು ಈ ಬಳಗದ ಕೈಗಳು. ಕಬ್ಬಿಣದ ಸರಳಿನಿಂದ ಮೊದಲು ಆನೆಯ ಅಸ್ಥಿಪಂಜರ, ಅದರ ಮೇಲೆ ಕಡ್ಡಿಯ ಚರ್ಮ. 2021ರಲ್ಲಿ ಈ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತು. 2024ರಲ್ಲಿ ಲಾಲ್‌ಬಾಗಿನಲ್ಲಿ. ಅದೇ ವರ್ಷ ನೂರು ಆನೆಗಳು ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಬೀದಿಯಲ್ಲೂ ನಿಂತವು. ಮಾರಾಟದ ಹಣದಿಂದ ಕುಶಲಕರ್ಮಿಗಳಿಗೆ ಕೂಲಿ, ಮನುಷ್ಯ ಮತ್ತು ಕಾಡುಪ್ರಾಣಿಗಳ ಸಹಬಾಳ್ವೆಯ ಕೆಲಸಕ್ಕೆ ನೆರವು.

ಆನೆಯ ಸಹಿ

ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿಯೆಂದರೆ, ಆ ಆನೆಗಳು ಯಾವುದೋ ‘ಒಂದು ಆನೆ’ಯ ಬೊಂಬೆಗಳಲ್ಲ. ಗೂಡಲೂರಿನ ಸುತ್ತ ಕಾಡು, ಟೀ ತೋಟ, ಊರುಗಳ ನಡುವೆ ಓಡಾಡುವ ನಿಜವಾದ ಆನೆಗಳ ಫೋಟೊ, ಅಳತೆ ನೋಡಿ ಮಾಡಿದವು. ಮಾಡಿದವರೂ ಅದೇ ಆನೆಗಳ ನೆರೆಹೊರೆಯವರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಚೆಕ್ ಬಂದರೆ ಮಾದರಿ ಸಹಿಯ ಕಾರ್ಡು ತೆಗೆದು ಹೋಲಿಸಬೇಕಿತ್ತು. ಕೆಲವು ವರ್ಷ ಕಳೆದರೆ ಕಾರ್ಡೇ ಬೇಡ, ಅಕ್ಷರದ ಬಾಲ ನೋಡಿಯೇ ಯಾರದೆಂದು ತಿಳಿಯುತ್ತಿತ್ತು. ಆನೆಯ ಸಹಿ ಇರುವುದು ಅದರ ಕಿವಿಯಲ್ಲಿ. ಅಂಚು ಎಲ್ಲಿ ಹರಿದಿದೆ, ಎಲ್ಲಿ ತೂತಾಗಿದೆ, ಮೇಲಂಚು ಎಷ್ಟು ಮಡಚಿದೆ, ಗುಲಾಬಿ ಚುಕ್ಕೆಗಳು ಎಷ್ಟು. ವಯಸ್ಸಾದಂತೆ ಮೇಲಂಚಿನ ಮಡಿಕೆ ಹೆಚ್ಚುತ್ತದೆ. ಕೊಂಬು ನೇರವೋ ಡೊಂಕೋ, ಬಾಲದ ತುದಿಯಲ್ಲಿ ಕೂದಲಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿದರೆ ಒಂದರಂತೆ ಇನ್ನೊಂದು ಆನೆ ಇರುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಸಿಗುತ್ತದೆ. ಸುತ್ತಳತೆ ನಾಲ್ಕು ಅಡಿಯಾದರೆ ಆನೆ ಎಂಟು ಅಡಿ!

ಇಷ್ಟನ್ನು ಗಮನಿಸದೆ ಆನೆಯನ್ನು ಮಾಡಲಾಗುವುದಿಲ್ಲ. ಮಾಡಿದವರ ಕಣ್ಣು ಕಂಡದ್ದನ್ನು ನೋಡಿದವರ ಕಣ್ಣೂ ಕಾಣುತ್ತದೆ. ಕಲೆ ನಮ್ಮನ್ನು ಕಾಡಿನ ಹತ್ತಿರ ತರುವುದು ಹೀಗೆ. ಸೋಲಿಗರಿಗೆ ಇದು ಹೊಸತೂ ಅಲ್ಲ. ಅವರ ಗೊರುಕನ ಕುಣಿತದ ಹಾಡುಗಳಲ್ಲಿ ಕಾಡಿನ ಪ್ರಾಣಿ, ಹಕ್ಕಿ, ಗಿಡಮರಗಳು ಹೆಸರು ಹೆಸರಾಗಿ ಬರುತ್ತವೆ.

ಅಟ್ಟಣೆಯ ಮೇಲಿನ ಪ್ರಶ್ನೆ

‘ಪೇಟೆಯವರು ಕಡ್ಡಿ ಆನೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ನಮ್ಮ ಹೊಲ ಉಳಿಯುತ್ತದೆಯೇ?’ ಎಂದು ಹಂಗಳ, ಮಂಗಲದ ಕಡೆಯ ರೈತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. 2023ರ ಗಣತಿಯಂತೆ ಕರ್ನಾಟಕದಲ್ಲಿರುವ ಆನೆಗಳು 6,395. ಅದರಲ್ಲಿ ಬಂಡೀಪುರದಲ್ಲೇ 1,116. ರಾಗಿ, ಮುಸುಕಿನ ಜೋಳ, ಬಾಳೆ ಬೆಳೆದವರು ಅಟ್ಟಣೆಯ ಮೇಲೆ ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಒಂದು ರಾತ್ರಿಯಲ್ಲಿ ಆರು ತಿಂಗಳ ದುಡಿಮೆ ಹೋಗಬಹುದು, ಜೀವವೂ ಹೋಗಬಹುದು. ಬೇಲಿಯ ವಿದ್ಯುತ್ತಿಗೆ ಸಿಕ್ಕಿ ಆನೆಗಳೂ ಸಾಯುತ್ತವೆ.

ಕಲೆ ಪರಿಹಾರದ ಹಣ ಕೊಡುವುದಿಲ್ಲ, ಕಂದಕ ತೋಡುವುದಿಲ್ಲ. ನೂರು ಆನೆ ಮಾಡಿದರೂ ಬಂಡೀಪುರದ ಲಂಟಾನ ಖಾಲಿಯಾಗುವುದಿಲ್ಲ. ಬುಡಸಹಿತ ಕಿತ್ತು, ಆ ಜಾಗದಲ್ಲಿ ಹುಲ್ಲು ಬರುವವರೆಗೆ ಕಾಯುವ ಕೆಲಸ ಬೇರೆಯೇ ಆಗಬೇಕು. ಆದರೆ ಖರ್ಚಿನ ಪುಟಕ್ಕೆ ಎದುರಾಗಿ ಜಮೆಯ ಪುಟವೂ ಇದೆ. ಕಾಡಿನ ಶತ್ರುವಾದ ಗಿಡ ಕಾಡಿನ ಮಕ್ಕಳಿಗೆ ಕೂಲಿ ಕೊಟ್ಟಿತು. ಆನೆಯ ಜೊತೆ ಬದುಕುವವರ ಮಾತನ್ನು ದೂರದ ಊರಿನವರು ಕೇಳುವಂತಾಯಿತು. ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದು ಏಕೆಂದು ಗೊಣಗುವವರಿಗೆ, ಆ ಕತ್ತಲಲ್ಲಿ ರಸ್ತೆ ದಾಟುವುದು ಇಂಥದೇ ಒಂದು ತಾಯಿ ಮತ್ತು ಮರಿ ಎಂಬುದು ಕಣ್ಣಿಗೆ ಕಟ್ಟಿದರೆ ಗೊಣಗು ಸ್ವಲ್ಪ ತಗ್ಗೀತು.

ನೀವೂ ಮಾಡಿ ನೋಡಿ

ಇದಕ್ಕೆ ಆನೆಯೇ ಬೇಕೆಂದಿಲ್ಲ, ಕಾಡಿಗೇ ಹೋಗಬೇಕೆಂದೂ ಇಲ್ಲ. ಮನೆಯ ಅಥವಾ ನೆರೆಮನೆಯ ಹಸುವಿನ ಎದುರು ಒಂದು ಪೆನ್ಸಿಲ್, ಹಾಳೆ ಹಿಡಿದು ಕೂರಿ. ಹಳ್ಳಿಕಾರ್ ಹಸುವಾದರೆ ಕೊಂಬು ಹೇಗೆ ಹಿಂದಕ್ಕೆ ಬಾಗಿ ಮೇಲೇಳುತ್ತದೆ ನೋಡಿ. ಕಿವಿ, ಹಣೆ, ಕೊಂಬು ಇಷ್ಟನ್ನೇ ಬರೆಯಿರಿ. ಮರುದಿನ ಇನ್ನೊಂದು ಹಸುವನ್ನು ಬರೆಯಿರಿ. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ಎರಡಕ್ಕೂ ಇರುವ ಐದು ವ್ಯತ್ಯಾಸಗಳನ್ನು ಕೆಳಗೆ ಬರೆದು, ಅಜ್ಜಿ ತಾತನಿಗೆ ತೋರಿಸಿ. ಯಾವ ಹಸುವೆಂದು ಅವರು ಗುರುತು ಹಿಡಿದರೆ ನೀವು ಗೆದ್ದಿರಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವಾಗ ಆನೆ ಕಂಡರೆ ಕೂಗಬೇಡಿ, ಇಳಿಯಲು ಹಟ ಮಾಡಬೇಡಿ. ಫೋನು ಜೇಬಿನಲ್ಲೇ ಇರಲಿ. ಕಿಟಕಿಯಿಂದ ಅದರ ಕಿವಿಯನ್ನೊಮ್ಮೆ ಸರಿಯಾಗಿ ನೋಡಿಕೊಳ್ಳಿ, ಮನೆಗೆ ಬಂದು ನೆನಪಿನಿಂದ ಬರೆಯಿರಿ. ಮುಂದಿನ ಸಲ ಹೋದಾಗ ಅದೇ ಆನೆ ಸಿಕ್ಕಿದರೆ ನಿಮಗೆ ಗೊತ್ತಾಗಿಬಿಡುತ್ತದೆ.